ಕೃಷಿ ಇಲಾಖೆಯ ಕುರ್ಚಿಗೆ ಯಾರ ಮತ?

ಅಮೆರಿಕದ 50 ರಾಜ್ಯಗಳ ಪೈಕಿ 12ರಲ್ಲಿ ಕೃಷಿ ಇಲಾಖೆಯ ಮುಖ್ಯಸ್ಥರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ, ಎರಡು ಕೆರೊಲಿನಾಗಳು, ಕೆಂಟಕಿ, ವೆಸ್ಟ್ ವರ್ಜೀನಿಯಾ, ಇವಿಷ್ಟು ದಕ್ಷಿಣದ ಸೀಮೆಯವು. ಉಳಿದೆರಡು ಉತ್ತರದ ಅಯೋವಾ ಮತ್ತು ನಾರ್ತ್ ಡಕೋಟಾ. ಅಲ್ಲಿನ ಗವರ್ನರ್ ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಸಮಾನ. ಆದರೂ ಈ ಕೃಷಿ ಕಮಿಷನರನ್ನು (ಅಯೋವಾದಲ್ಲಿ ಕಾರ್ಯದರ್ಶಿ ಎನ್ನುತ್ತಾರೆ) ನೇಮಿಸುವ ಹಕ್ಕಾಗಲಿ, ತೆಗೆದುಹಾಕುವ ಹಕ್ಕಾಗಲಿ ಗವರ್ನರ್‌ಗೆ ಇಲ್ಲ. ಇಬ್ಬರೂ ಬೇರೆ ಬೇರೆ ಪಕ್ಷದವರಾಗಿ, ನಾಲ್ಕು ವರ್ಷ ಮುಖ ತಿರುಗಿಸಿಕೊಂಡೇ ಆಡಳಿತ ನಡೆಸಿದ ಉದಾಹರಣೆಗಳೂ ಇವೆ. ಸಂಪುಟ ವಿಸ್ತರಣೆಯ ಹೊತ್ತಿಗೆ ಕೃಷಿ ಖಾತೆ ಯಾವ ಜಿಲ್ಲೆಗೆ, ಯಾವ ಸಮುದಾಯಕ್ಕೆ ಎಂಬ ಲೆಕ್ಕಾಚಾರವನ್ನೇ ನೋಡುತ್ತ ಬಂದ ಕರ್ನಾಟಕದ ಓದುಗನಿಗೆ ಈ ಏರ್ಪಾಡು ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ರೈತರ ಇಲಾಖೆಯ ಯಜಮಾನನನ್ನು ಜನರೇ ಆರಿಸಿದರೆ ಅವನು ಜನರಿಗೇ ಲೆಕ್ಕ ಕೊಡಬೇಕಲ್ಲವೇ? ಆ ಹನ್ನೆರಡು ರಾಜ್ಯಗಳ ಶತಮಾನಕ್ಕೂ ಮೀರಿದ ಅನುಭವವನ್ನು ಜೋಡಿಸಿ ನೋಡಿದರೆ ಸಿಗುವ ಉತ್ತರ ಅಷ್ಟು ಸರಳವಾಗಿಲ್ಲ. ನೇರ ಚುನಾವಣೆ ಆ ಕುರ್ಚಿಗೆ ದೀರ್ಘಾಯುಸ್ಸು ಕೊಟ್ಟಿದೆ, ಗವರ್ನರನ ಹಂಗಿನಿಂದ ಬಿಡುಗಡೆಯನ್ನೂ ಕೊಟ್ಟಿದೆ. ಲೆಕ್ಕ ಕೇಳುವ ಕೆಲಸವನ್ನು ಮಾತ್ರ ಬಹುಮಟ್ಟಿಗೆ ಬೇರೆಯವರೇ ಮಾಡಿದ್ದಾರೆ.

ಈ ಹುದ್ದೆಗಳ ಹುಟ್ಟಿನಲ್ಲಿ ಗೊಬ್ಬರದ ವಾಸನೆಯಿದೆ. ಒಕ್ಕೂಟ ಸರ್ಕಾರದ ಕೃಷಿ ಇಲಾಖೆಯನ್ನು ಲಿಂಕನ್ 1862ರಲ್ಲಿ ಸ್ಥಾಪಿಸಿದರು. ರಾಜ್ಯಗಳಲ್ಲಿ ಮೊದಲನೆಯದೆಂದು ಹೇಳಿಕೊಳ್ಳುವ ಜಾರ್ಜಿಯಾದ ಇಲಾಖೆ ಹುಟ್ಟಿದ್ದು 1874ರಲ್ಲಿ. ಅಂತರ್ಯುದ್ಧದಲ್ಲಿ ಸೋತು ಸೊರಗಿದ್ದ ದಕ್ಷಿಣದಲ್ಲಿ ಹತ್ತಿ ಬೆಳೆದು ಬೆಳೆದು ಸಾರ ಕಳೆದುಕೊಂಡ ಮಣ್ಣಿಗೆ ಕೊಂಡು ತಂದ ಗೊಬ್ಬರ ಬೇಕಾಯಿತು. ಆ ಗೊಬ್ಬರದಲ್ಲಿ ಮರಳೂ ಬೂದಿಯೂ ಬೆರೆಯತೊಡಗಿದವು. ಚೀಲದ ಮೇಲೆ ಬರೆದದ್ದು ಚೀಲದೊಳಗೆ ಇದೆಯೇ ಎಂದು ಪರೀಕ್ಷಿಸುವುದು ಈ ಇಲಾಖೆಗಳ ಮೊದಮೊದಲ ಕೆಲಸಗಳಲ್ಲೊಂದು. ಆ ಪರೀಕ್ಷೆಗೆ ಕಂಪನಿಗಳಿಂದ ವಸೂಲಾದ ಶುಲ್ಕವೇ ಎಷ್ಟೋ ಕಡೆ ಇಲಾಖೆಯ ಹೊಟ್ಟೆ ಹೊರೆಯಿತು. ಶತಮಾನದ ಕೊನೆಯ ಎರಡು ದಶಕಗಳಲ್ಲಿ ಅಲ್ಲಿ ರೈತ ಚಳವಳಿಗಳು ಬಿರುಸಾದವು. ರೈಲು ಕಂಪನಿ, ಬ್ಯಾಂಕು, ದಲ್ಲಾಳಿ, ಇವರೆಲ್ಲರ ಕಿಸೆಯಲ್ಲಿ ಗವರ್ನರ್ ಇದ್ದಾನೆ ಎಂಬ ಗುಮಾನಿ ಹಳ್ಳಿಗಳಲ್ಲಿ ಬಲವಾಗಿತ್ತು. ಗವರ್ನರನ ಕೈಯಿಂದ ಆದಷ್ಟು ಹುದ್ದೆಗಳನ್ನು ಕಿತ್ತು ಮತಪತ್ರದ ಮೇಲೆ ಹಾಕುವುದು ಆ ಗುಮಾನಿಯ ಫಲ. ಕಾರಣ ನ್ಯಾಯವಾದದ್ದೇ.

ಆದರೆ ಫಲ ಹೇಗೆ ಬಂತು ಎಂಬುದಕ್ಕೆ ಜಾರ್ಜಿಯಾದ 1920ರ ದಶಕವನ್ನೇ ನೋಡಬಹುದು. ಕಮಿಷನರ್ ಜೆ.ಜೆ. ಬ್ರೌನ್ ತಮ್ಮ ಗೊಬ್ಬರ ತಪಾಸಣಾಧಿಕಾರಿಗಳನ್ನೂ ತೈಲ ತಪಾಸಣಾಧಿಕಾರಿಗಳನ್ನೂ ಊರೂರಿನ ಚುನಾವಣಾ ಏಜೆಂಟರನ್ನಾಗಿ ಮಾಡಿಕೊಂಡಿದ್ದರು. ಈ ಪಡೆಯನ್ನು ಮುರಿಯುತ್ತೇನೆಂದು ಹೊರಟ ವಕೀಲ ಯೂಜೀನ್ ಟಾಲ್ಮಡ್ಜ್ 1926ರಲ್ಲಿ ಗೆದ್ದರು. ಇಲಾಖೆ ರೈತರಿಗಾಗಿ ಹೊರತರುತ್ತಿದ್ದ ಮಾರುಕಟ್ಟೆ ಪತ್ರಿಕೆ ಮನೆಮನೆಗೆ ಹೋಗುತ್ತಿತ್ತು. ಹೊಸ ಕಮಿಷನರ್ ಅದರಲ್ಲಿ ತಮ್ಮ ಅಭಿಪ್ರಾಯಗಳನ್ನೇ ತುಂಬಿದರು. ಹಂದಿಯ ಬೆಲೆ ಬಿದ್ದಾಗ ಇಲಾಖೆಯ ಹಣದಿಂದ ಹಂದಿ ಖರೀದಿಸಿ ಷಿಕಾಗೋಗೆ ಸಾಗಿಸಿ ನಷ್ಟ ಮಾಡಿಕೊಂಡರು. 1931ರಲ್ಲಿ ಶಾಸನಸಭೆ ತನಿಖೆ ನಡೆಸಿತು. ಬಂಧುಗಳಿಗೆ ಸಂಬಳ, ಕುದುರೆ ರೇಸಿನ ಪ್ರವಾಸ ಎಲ್ಲವೂ ಹೊರಬಂದವು. ಮರುವರ್ಷ ಅದೇ ಟಾಲ್ಮಡ್ಜ್ ಗವರ್ನರ್ ಆಗಿ ಆರಿಸಿಬಂದರು. ಹಂದಿ ವ್ಯವಹಾರ ರೈತರಿಗಾಗಿ ಮಾಡಿದ್ದು ಎಂಬ ಅವರ ಸಮರ್ಥನೆಯನ್ನು ಮತದಾರ ಒಪ್ಪಿದ ಎನ್ನಬೇಕು. ಆದರೆ ಆ ಮತದಾರ ಯಾರು? ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಕಪ್ಪುಜನರನ್ನು ತಲೆಗಂದಾಯ, ಬಿಳಿಯರಿಗಷ್ಟೇ ಮೀಸಲಾದ ಪಕ್ಷದೊಳಗಿನ ಚುನಾವಣೆ ಮುಂತಾದ ಉಪಾಯಗಳಿಂದ ಮತಗಟ್ಟೆಯ ಹೊರಗೇ ನಿಲ್ಲಿಸಲಾಗಿತ್ತು. ತಲೆಗಂದಾಯ ಕಟ್ಟಲಾಗದ ಬಡ ಬಿಳಿಯ ಗೇಣಿದಾರನೂ ಅವರ ಜೊತೆಗೇ ಹೊರಗುಳಿದ. ಉಳುವವರಲ್ಲಿ ದೊಡ್ಡ ಪಾಲನ್ನು ಬಿಟ್ಟು ನಡೆದ ಈ ಚುನಾವಣೆಯನ್ನು ರೈತರ ಆಯ್ಕೆ ಎಂದು ಕರೆಯುವುದು ಕಷ್ಟ. 1965ರ ಮತದಾನ ಹಕ್ಕು ಕಾಯಿದೆಯ ತನಕ ದಕ್ಷಿಣದ ಬಹುತೇಕ ಕೃಷಿ ಕಮಿಷನರುಗಳ ಜನಾದೇಶದ ಮೇಲೆ ಈ ಕಲೆ ಇದ್ದೇ ಇದೆ.

ಇದಕ್ಕೆ ಎದುರಾಗಿ ನಿಲ್ಲಿಸಬಹುದಾದ ಉಜ್ವಲ ಉದಾಹರಣೆ ಒಂದಿದೆ, ಅದು ನಾರ್ತ್ ಡಕೋಟಾ. ಅಲ್ಲಿನ ಗೋಧಿ ಬೆಳೆಗಾರರು ಮಿನಿಯಾಪೊಲಿಸ್‌ನ ಗಿರಣಿ ಮಾಲೀಕರು ಗೋಧಿಯ ದರ್ಜೆ ಇಳಿಸಿ, ತೂಕದಲ್ಲಿ ಕಡಿತ ಹಾಕಿ ಸುಲಿಯುತ್ತಿದ್ದಾರೆಂದು ರೊಚ್ಚಿಗೆದ್ದು 1915ರಲ್ಲಿ ನಾನ್‌ಪಾರ್ಟಿಸನ್ ಲೀಗ್ ಕಟ್ಟಿದರು. ಮರುವರ್ಷವೇ ಗವರ್ನರ್ ಹುದ್ದೆಯನ್ನು ಗೆದ್ದರು. 1919ರಲ್ಲಿ ಸರ್ಕಾರದ ಬ್ಯಾಂಕು ಸ್ಥಾಪನೆಯಾಯಿತು, 1922ರಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಸರ್ಕಾರದ ಹಿಟ್ಟಿನ ಗಿರಣಿ ಬಾಗಿಲು ತೆರೆಯಿತು. ಇವನ್ನು ನಡೆಸುವ ಕೈಗಾರಿಕಾ ಆಯೋಗದಲ್ಲಿ ಮೂವರೇ ಸದಸ್ಯರು: ಗವರ್ನರ್, ಅಟಾರ್ನಿ ಜನರಲ್, ಕೃಷಿ ಕಮಿಷನರ್. ಮೂವರೂ ಜನರಿಂದ ಆರಿಸಿಬಂದವರು. 1921ರಲ್ಲಿ ಬ್ಯಾಂಕಿನ ವ್ಯವಹಾರ ಹದಗೆಟ್ಟಾಗ ಮತದಾರರು ಈ ಮೂವರನ್ನೂ ಅವಧಿಗೆ ಮುನ್ನವೇ ವಾಪಸ್ ಕರೆದರು. ಬ್ಯಾಂಕು ಮತ್ತು ಗಿರಣಿ ಇಂದಿಗೂ ನಡೆಯುತ್ತಿವೆ. ಕೃಷಿಯ ಹೊಣೆ ಹೊತ್ತವನಿಗೆ ಸಾಲ, ಸಂಗ್ರಹ, ಸಂಸ್ಕರಣೆಗಳ ಮೇಲೆ ನಿಜವಾದ ಅಧಿಕಾರ, ತಪ್ಪಿದರೆ ತಕ್ಷಣ ಮನೆಗೆ ಕಳಿಸುವ ಹಕ್ಕು, ಎರಡೂ ಕೂಡಿಬಂದ ಅಪರೂಪದ ಗಳಿಗೆ ಅದು. ಆದರೆ ಅದನ್ನು ಸಾಧ್ಯವಾಗಿಸಿದ್ದು ಮತಪತ್ರದ ಮೇಲೆ ಕೃಷಿ ಕಮಿಷನರನ ಹೆಸರಿದ್ದದ್ದಲ್ಲ. ಆ ಹೆಸರು ಅದಕ್ಕೆ ಮೊದಲೂ ಅಲ್ಲಿತ್ತು. ಚಂದಾ ಕೊಟ್ಟು ಸದಸ್ಯರಾದ ರೈತರ ಸಂಘಟನೆ ಹುಟ್ಟಿದ ಮೇಲೆಯೇ ಆ ಹುದ್ದೆಗೆ ಜೀವ ಬಂತು. ರಾಜ್ಯದ ಮತದಾರರಲ್ಲಿ ರೈತರೇ ಬಹುಸಂಖ್ಯಾತರೂ ಆಗಿದ್ದರು.

ಇಂದಿನ ಸ್ಥಿತಿ ಬೇರೆ. 2022ರ ಕೃಷಿ ಗಣತಿಯಂತೆ ಇಡೀ ಅಮೆರಿಕದಲ್ಲಿ ಇರುವುದು ಸುಮಾರು 19 ಲಕ್ಷ ಹಿಡುವಳಿಗಳು. ಅತಿ ಹೆಚ್ಚು ಹಿಡುವಳಿಗಳಿರುವ ಟೆಕ್ಸಾಸ್‌ನಲ್ಲೇ ಸುಮಾರು 2 ಲಕ್ಷ 30 ಸಾವಿರ, ಅಲ್ಲಿನ ಜನಸಂಖ್ಯೆಯೋ 3 ಕೋಟಿ. ಜಾರ್ಜಿಯಾದ ಒಂದು ಕೋಟಿಗೂ ಮಿಕ್ಕ ಜನರ ನಡುವೆ ಹಿಡುವಳಿಗಳು 40 ಸಾವಿರವೂ ಇಲ್ಲ. ಮತದಾರರಲ್ಲಿ ಬೇಸಾಯಗಾರರ ಪಾಲು ಹೀಗೆ ಕರಗಿದಂತೆ ಇಲಾಖೆಯ ಕೆಲಸ ಹೊಲದಾಚೆಗೆ ಹರಡಿತು. ಪೆಟ್ರೋಲ್ ಪಂಪಿನ ಅಳತೆ, ಅಂಗಡಿಯ ತಕ್ಕಡಿ, ಜಾತ್ರೆಯ ತೊಟ್ಟಿಲುಗಳ ಸುರಕ್ಷತೆ, ಶಾಲೆಯ ಮಧ್ಯಾಹ್ನದ ಊಟ ಎಲ್ಲವೂ ಒಂದಲ್ಲ ಒಂದು ರಾಜ್ಯದಲ್ಲಿ ಕೃಷಿ ಕಮಿಷನರನ ಸುಪರ್ದಿಗೆ ಬಂದಿವೆ. ಫ್ಲಾರಿಡಾ ಒಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆಯೊಳಗೆ ಬಂದೂಕು ಇಟ್ಟುಕೊಂಡು ಓಡಾಡುವ ಪರವಾನಗಿ ಕೊಡುವ ಕೆಲಸವನ್ನೂ ಕೃಷಿ ಇಲಾಖೆಗೇ ವಹಿಸಿದೆ. ಅಂಥ ಪರವಾನಗಿಗಳು 20 ಲಕ್ಷವನ್ನು ದಾಟಿವೆ. ಕಿತ್ತಳೆ ತೋಟಕ್ಕೂ ಪಿಸ್ತೂಲಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರವಿಲ್ಲ. ಆರಿಸಿಬಂದ ಅಧಿಕಾರಿ ಒಬ್ಬನಿದ್ದಾನೆ, ಅವನ ತಲೆಗೆ ಕಟ್ಟೋಣ ಎಂದು ಶಾಸನಸಭೆ ಯೋಚಿಸಿರಬೇಕು. 2016ರಿಂದ ಮುಂದಿನ ಸುಮಾರು ಒಂದು ವರ್ಷ ಅರ್ಜಿದಾರರ ಹಿನ್ನೆಲೆಯನ್ನು ರಾಷ್ಟ್ರೀಯ ದತ್ತಾಂಶದಲ್ಲಿ ಪರೀಕ್ಷಿಸುವ ಕೆಲಸ ನಿಂತೇಹೋಗಿತ್ತು, ಕಾರಣ ನೌಕರರೊಬ್ಬರು ಆ ವ್ಯವಸ್ಥೆಗೆ ಲಾಗಿನ್ ಆಗಿರಲಿಲ್ಲ. ಇಲಾಖೆಯ ಒಳ ತನಿಖೆಯಲ್ಲಿ ಗೊತ್ತಾದ ಈ ಸಂಗತಿ ಪತ್ರಿಕೆಗಳ ಮೂಲಕ ಹೊರಬಿದ್ದದ್ದು 2018ರಲ್ಲಿ. ಅದೇ ವರ್ಷ ಆರಿಸಿಬಂದ ನಿಕ್ಕಿ ಫ್ರೀಡ್ ಪೆಟ್ರೋಲ್ ಪಂಪಿನ ತಪಾಸಣಾ ಚೀಟಿಗಳ ಮೇಲೆ ತಮ್ಮ ಭಾವಚಿತ್ರ ಅಚ್ಚು ಹಾಕಿಸಿ ವಿವಾದಕ್ಕೆ ಸಿಕ್ಕರು. ಪಂಪಿನ ಅಳತೆ ಸರಿಯಿದೆಯೋ ಇಲ್ಲವೋ, ಮುಂದಿನ ಅಭ್ಯರ್ಥಿಯ ಮುಖವಂತೂ ಮತದಾರನಿಗೆ ಪರಿಚಯವಾಗುತ್ತದೆ. ನಮ್ಮ ಬಿತ್ತನೆ ಬೀಜದ ಚೀಲಗಳ, ಅಕ್ಕಿ ಚೀಲಗಳ ಮೇಲಿನ ಚಿತ್ರಗಳನ್ನು ನೋಡಿ ಅಭ್ಯಾಸವಾದವರಿಗೆ ಇದು ಹೊಸತೇನಲ್ಲ.

ಹಾಗಿದ್ದರೆ ರೈತರಷ್ಟೇ ಮತ ಹಾಕಿ ಈ ಮುಖ್ಯಸ್ಥನನ್ನು ಆರಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಕ್ಯಾನ್ಸಸ್ ರಾಜ್ಯ ಹೆಚ್ಚುಕಡಿಮೆ ಅದನ್ನೇ ಮಾಡಿತ್ತು. ಅಲ್ಲಿ ಬೇಸಾಯಗಾರರ ಸಂಘಗಳ ಪ್ರತಿನಿಧಿಗಳು ಸೇರಿ ಕೃಷಿ ಮಂಡಳಿಯನ್ನು ಆರಿಸುತ್ತಿದ್ದರು, ಆ ಮಂಡಳಿ ಇಲಾಖೆಯ ಕಾರ್ಯದರ್ಶಿಯನ್ನು ಆರಿಸುತ್ತಿತ್ತು. ಮುಂದೆ ಗವರ್ನರ್ ಆದ ಸ್ಯಾಮ್ ಬ್ರೌನ್‌ಬ್ಯಾಕ್ 1980ರ ದಶಕದಲ್ಲಿ ಹೀಗೆಯೇ ಕಾರ್ಯದರ್ಶಿಯಾದವರು. 1993ರಲ್ಲಿ ಫೆಡರಲ್ ನ್ಯಾಯಾಲಯ ಈ ಪದ್ಧತಿಯನ್ನು ಸಂವಿಧಾನಬಾಹಿರವೆಂದು ಹೊಡೆದುಹಾಕಿತು, ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನ್ಯಾಯಾಲಯದ ತರ್ಕ ನೇರವಾಗಿತ್ತು. ಈ ಇಲಾಖೆ ಕೀಟನಾಶಕವನ್ನು ನಿಯಂತ್ರಿಸುತ್ತದೆ, ಮಾಂಸವನ್ನು ಪರೀಕ್ಷಿಸುತ್ತದೆ, ತೂಕ ಅಳತೆಗಳನ್ನು ನೋಡುತ್ತದೆ. ಇವು ರಾಜ್ಯದ ಪ್ರತಿಯೊಬ್ಬರನ್ನೂ ತಟ್ಟುವ ಅಧಿಕಾರಗಳು. ಅವನ್ನು ಚಲಾಯಿಸುವವರನ್ನು ಆರಿಸುವ ಹಕ್ಕು ಕೆಲವರಿಗಷ್ಟೇ ಸೀಮಿತವಾದರೆ ಒಬ್ಬನಿಗೆ ಒಂದು ಮತ ಎಂಬ ತತ್ವಕ್ಕೆ ಅರ್ಥವುಳಿಯದು. 1995ರಿಂದ ಕ್ಯಾನ್ಸಸ್‌ನಲ್ಲಿ ಗವರ್ನರೇ ಕಾರ್ಯದರ್ಶಿಯನ್ನು ನೇಮಿಸುತ್ತಾರೆ. ಇಡೀ ಚರ್ಚೆಗೆ ಕೀಲಿಕೈಯಂತಿರುವ ತೀರ್ಪು ಇದು. ರೈತರು ಮಾತ್ರ ಆರಿಸಿದರೆ ಊಟ ಮಾಡುವವರಿಗೆ ಅನ್ಯಾಯ. ಎಲ್ಲರೂ ಸೇರಿ ಆರಿಸಿದರೆ ರೈತರ ಧ್ವನಿ ನೂರರಲ್ಲಿ ಒಂದು.

ಎಲ್ಲರೂ ಸೇರಿ ಆರಿಸುವ ರಾಜ್ಯಗಳಲ್ಲಿ ಆದದ್ದೇನು? ಮತದಾರನಿಗೆ ಅಭ್ಯರ್ಥಿಯ ಹೆಸರೇ ಗೊತ್ತಿರದ ಹುದ್ದೆಯಲ್ಲಿ, ಈಗಾಗಲೇ ಕೂತವನ ಹೆಸರು ಗೆಲ್ಲುತ್ತದೆ. ಜಾರ್ಜಿಯಾದಲ್ಲಿ ಟಾಮಿ ಇರ್ವಿನ್ 1969ರಿಂದ 2011ರ ತನಕ 42 ವರ್ಷ ಕಮಿಷನರ್ ಆಗಿದ್ದರು. ವೆಸ್ಟ್ ವರ್ಜೀನಿಯಾದ ಗಸ್ ಡಗ್ಲಸ್ ಎರಡು ಕಂತುಗಳಲ್ಲಿ ಒಟ್ಟು 44 ವರ್ಷ. ನಾರ್ತ್ ಕೆರೊಲಿನಾದ ಜಿಮ್ ಗ್ರಹಾಂ 1964ರಿಂದ 2001ರ ವರೆಗೆ, ಲೂಸಿಯಾನಾದ ಬಾಬ್ ಓಡಮ್ 28 ವರ್ಷ. ಇನ್ನೂ ಕುತೂಹಲದ ಸಂಗತಿಯೆಂದರೆ ಇವರಲ್ಲಿ ಹಲವರು ಮೊದಲು ಕುರ್ಚಿ ಹತ್ತಿದ್ದು ಚುನಾವಣೆಯಿಂದಲೇ ಅಲ್ಲ. ಹಿಂದಿನವರು ವಾಷಿಂಗ್ಟನ್‌ಗೆ ಹೋದಾಗ, ತೀರಿಕೊಂಡಾಗ ಅಥವಾ ಜೈಲು ಸೇರಿದಾಗ ತೆರವಾದ ಜಾಗಕ್ಕೆ ಗವರ್ನರ್ ನೇಮಿಸುತ್ತಾರೆ. ಆ ಬಳಿಕ ಹಾಲಿ ಕಮಿಷನರ್ ಎಂಬ ಬಿರುದಿನೊಂದಿಗೆ ಅವರು ಚುನಾವಣೆಗೆ ನಿಲ್ಲುತ್ತಾರೆ. ಇರ್ವಿನ್ ಹಾಗೆ ಬಂದವರು, ಗ್ರಹಾಂ ಹಾಗೆ ಬಂದವರು, ಸೌತ್ ಕೆರೊಲಿನಾದ ಹ್ಯೂ ವೆದರ್ಸ್, ಅಯೋವಾದ ಮೈಕ್ ನೇಗ್, ಮಿಸಿಸಿಪ್ಪಿಯ ಆಂಡಿ ಗಿಪ್ಸನ್ ಹಾಗೆಯೇ ಬಂದವರು. ನಾರ್ತ್ ಡಕೋಟಾದ ಡಗ್ ಗೋರಿಂಗ್ ಅವರಂತೂ ಈ ಹುದ್ದೆಗೆ ಎರಡು ಬಾರಿ ನಿಂತು ಸೋತು, 2009ರಲ್ಲಿ ಗವರ್ನರನ ನೇಮಕದಿಂದ ಒಳಗೆ ಬಂದು, ಅಲ್ಲಿಂದಾಚೆ ಗೆಲ್ಲುತ್ತಲೇ ಬಂದಿದ್ದಾರೆ. ಗವರ್ನರನಿಂದ ಕಿತ್ತುಕೊಂಡ ಹಕ್ಕು ಹಿತ್ತಿಲ ಬಾಗಿಲಿನಿಂದ ಅವನಿಗೇ ಮರಳಿದೆ.

ತಪ್ಪು ಮಾಡಿದವರನ್ನು ಹಿಡಿದದ್ದು ಯಾರು ಎಂದು ನೋಡಿದರೆ ಚಿತ್ರ ಇನ್ನೂ ನಿಚ್ಚಳವಾಗುತ್ತದೆ. ಕೆಂಟಕಿಯಲ್ಲಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ತಾರೆಯಾಗಿದ್ದ ರಿಚಿ ಫಾರ್ಮರ್ 2003ರಲ್ಲಿ ಕಮಿಷನರ್ ಆಗಿ ಗೆದ್ದರು, 2007ರಲ್ಲಿ ನಿರಾಯಾಸವಾಗಿ ಮರು ಆಯ್ಕೆಯಾದರು. ಇಲಾಖೆಯ ನೌಕರರಿಂದ ಮನೆಗೆಲಸ ಮಾಡಿಸಿದ, ಸರ್ಕಾರದ ಸಾಮಾನು ಸ್ವಂತಕ್ಕೆ ಬಳಸಿದ ಪ್ರಕರಣದಲ್ಲಿ 2014ರಲ್ಲಿ 27 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಹೊರಗೆಡವಿದ್ದು ರಾಜ್ಯದ ಲೆಕ್ಕಪರಿಶೋಧಕರು. ಪರಿಶೋಧನೆಗೆ ಕೋರಿದ್ದು ಫಾರ್ಮರ್ ಅವರದೇ ಪಕ್ಷದ, ಅವರ ನಂತರ ಬಂದ ಕಮಿಷನರ್. ನಾರ್ತ್ ಕೆರೊಲಿನಾದ ಮೆಗ್ ಸ್ಕಾಟ್ ಫಿಪ್ಸ್ ಅವರ ಅಜ್ಜ ಇದೇ ಹುದ್ದೆಯಲ್ಲಿದ್ದು ಗವರ್ನರ್ ಆದವರು, ತಂದೆಯೂ ಗವರ್ನರ್. 2000ದಲ್ಲಿ ಗೆದ್ದ ಮೊಮ್ಮಗಳು ರಾಜ್ಯದ ಜಾತ್ರೆಯ ಆಟದ ಗುತ್ತಿಗೆದಾರರಿಂದ ಅಕ್ರಮ ಚುನಾವಣಾ ನಿಧಿ ಪಡೆದು 2003ರಲ್ಲಿ ರಾಜೀನಾಮೆ ಕೊಟ್ಟು ಜೈಲಿಗೆ ಹೋದರು. ಸೌತ್ ಕೆರೊಲಿನಾದ ಚಾರ್ಲ್ಸ್ ಶಾರ್ಪ್ ಕೋಳಿ ಅಂಕದವರಿಂದ 10,000 ಡಾಲರ್ ಪಡೆದು ಫೆಡರಲ್ ಅಭಿಯೋಜಕರ ಕೈಗೆ ಸಿಕ್ಕರು. ಲೂಸಿಯಾನಾದ ಗಿಲ್ ಡೋಜಿಯರ್ ಸುಲಿಗೆ ಪ್ರಕರಣದಲ್ಲಿ 1980ರಲ್ಲಿ ದೋಷಿಯಾದರು. ಆ ಮೊದಲೇ ಮತದಾರ ಅವರನ್ನು ಸೋಲಿಸಿದ್ದ ಎಂಬುದನ್ನು ನ್ಯಾಯವಾಗಿ ಇಲ್ಲಿ ಹೇಳಬೇಕು. ಉಳಿದ ಮೂರು ಕಡೆಯೂ ಲೆಕ್ಕ ಕೇಳಿದ್ದು ಲೆಕ್ಕಪರಿಶೋಧಕ ಮತ್ತು ಅಭಿಯೋಜಕ. ಚುನಾವಣೆಗೆ ಹಣ ಬೇಕು, ಆ ಹಣ ಇಲಾಖೆಯಿಂದ ಪರವಾನಗಿಯೋ ಗುತ್ತಿಗೆಯೋ ಬೇಕಾದವರಿಂದಲೇ ಬರುತ್ತದೆ. ಗೆದ್ದವರೆಲ್ಲ ಭ್ರಷ್ಟರೆಂದು ಹೇಳಲಾಗದು. ಆದರೆ ಈ ಹಣದ ದಾರಿ ಚುನಾವಣೆಯೇ ತೆರೆದ ದಾರಿ.

ಲಂಚಕ್ಕಿಂತ ಗಹನವಾದದ್ದು ನಿಯಂತ್ರಣದ ಪ್ರಶ್ನೆ. ಬೇಸಾಯವನ್ನು ಬೆಳೆಸುವುದು, ಬೇಸಾಯದ ಹೆಸರಿನಲ್ಲಿ ಆಗುವ ಕೆಡುಕನ್ನು ತಡೆಯುವುದು, ಇವೆರಡನ್ನೂ ಒಬ್ಬನಿಗೇ ಕೊಟ್ಟು ಅವನನ್ನು ಚುನಾವಣೆಗೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಾಸ್‌ನ ಜಿಮ್ ಹೈಟವರ್ ಸಾಕ್ಷಿ. 1983ರಲ್ಲಿ ಅಧಿಕಾರಕ್ಕೆ ಬಂದ ಹೈಟವರ್ ಕೀಟನಾಶಕ ಸಿಂಪಡಿಸುವ ಮೊದಲು ನೆರೆಹೊರೆಯವರಿಗೆ ತಿಳಿಸಬೇಕು, ಸಿಂಪಡಿಸಿದ ಹೊಲಕ್ಕೆ ಇಂತಿಷ್ಟು ಕಾಲ ಕೂಲಿಯವರನ್ನು ಇಳಿಸಬಾರದು ಎಂಬ ನಿಯಮಗಳನ್ನು ತಂದರು. ರಾಸಾಯನಿಕ ಉದ್ಯಮವೂ ದೊಡ್ಡ ಕೃಷಿಕರ ಸಂಘಟನೆಯೂ ತಿರುಗಿಬಿದ್ದವು. 1989ರಲ್ಲಿ ಈ ಹುದ್ದೆಯನ್ನೇ ನೇಮಕದ ಹುದ್ದೆಯನ್ನಾಗಿ ಮಾಡುವ ಪ್ರಯತ್ನ ನಡೆಯಿತು. ಚುನಾವಣೆ ಉಳಿಯಿತು, ಕೀಟನಾಶಕದ ವಿಚಾರಕ್ಕೆ ಒಂಬತ್ತು ಜನರ ಪ್ರಾಧಿಕಾರ ಬಂತು. 1990ರಲ್ಲಿ ಹೈಟವರ್ ಕೂದಲೆಳೆಯ ಅಂತರದಲ್ಲಿ ರಿಕ್ ಪೆರಿ ಎದುರು ಸೋತರು. ಪೆರಿ ಮುಂದೆ ಗವರ್ನರ್ ಆದದ್ದು ಎಲ್ಲರಿಗೂ ಗೊತ್ತು. ಹೈಟವರ್ ಅವರ ಸಿಬ್ಬಂದಿಯ ಮೇಲಿದ್ದ ಹಣ ಸಂಗ್ರಹದ ತನಿಖೆಯೂ ಆ ಸೋಲಿಗೆ ಕಾರಣವಾಗಿತ್ತು, ಅವರಲ್ಲಿ ಮೂವರು ನಂತರ ದೋಷಿಗಳಾದರು. ಹಾಗಾಗಿ ಸೋಲಿನ ಪೂರ್ಣ ಹೊಣೆಯನ್ನು ಕೀಟನಾಶಕದ ಮೇಲೆ ಹೊರಿಸಲಾಗದು. ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. ಅಮೆರಿಕದಲ್ಲಿ ಅತಿ ಹೆಚ್ಚು ಮೌಲ್ಯದ ಬೆಳೆ ತೆಗೆಯುವ ಈ ರಾಜ್ಯದಲ್ಲಿ ಕೃಷಿ ಕಾರ್ಯದರ್ಶಿಯನ್ನು ಗವರ್ನರ್ ನೇಮಿಸುತ್ತಾರೆ. 1991ರಲ್ಲಿ ಅಲ್ಲಿ ಕೀಟನಾಶಕದ ನಿಯಂತ್ರಣವನ್ನು ಕೃಷಿ ಇಲಾಖೆಯಿಂದಲೇ ಬೇರ್ಪಡಿಸಿ ಪರಿಸರ ಸಂಸ್ಥೆಯಡಿ ಪ್ರತ್ಯೇಕ ಇಲಾಖೆ ಮಾಡಿದರು. ಅಯೋವಾದಲ್ಲಿ ಮೆಕ್ಕೆಜೋಳ, ಸೋಯಾ ಹೊಲಗಳಿಂದ ಹರಿದು ಬರುವ ನೈಟ್ರೇಟ್ ಕುಡಿಯುವ ನೀರಿಗೆ ಸೇರುತ್ತಿದೆ ಎಂದು ಡೆಸ್ ಮೊಯಿನ್ ನಗರದ ನೀರು ಸರಬರಾಜು ಸಂಸ್ಥೆ 2015ರಲ್ಲಿ ಮೊಕದ್ದಮೆ ಹೂಡಿತು, 2017ರಲ್ಲಿ ಅದು ವಜಾ ಆಯಿತು. ಅಲ್ಲಿನ ಚುನಾಯಿತ ಕಾರ್ಯದರ್ಶಿಗಳು ಹಿಡಿದು ನಿಂತದ್ದು ರೈತರ ಸ್ವಯಂಪ್ರೇರಿತ ಕ್ರಮಗಳೇ ಸಾಕು ಎಂಬ ನಿಲುವನ್ನು. ನೀರು ಕುಡಿಯುವವರ ಮತವೂ ಅವರಿಗೆ ಬೇಕಿತ್ತು, ಆದರೆ ನೀರು ಕುಡಿಯುವವರು ಸಂಘ ಕಟ್ಟಿ ದೇಣಿಗೆ ಕೊಡುವವರಲ್ಲ.

ಚುನಾವಣೆಯ ಪರವಾಗಿ ಹೇಳಬಹುದಾದ ಬಲವಾದ ಮಾತು ಸ್ಥಿರತೆಯದು. ಹತ್ತಿಯ ಕಾಯಿಯನ್ನು ತಿನ್ನುವ ಬೋಲ್ ವೀವಿಲ್ ಎಂಬ ಮೂತಿಹುಳವನ್ನು ನಿರ್ಮೂಲ ಮಾಡುವ ಕೆಲಸ 1978ರಲ್ಲಿ ನಾರ್ತ್ ಕೆರೊಲಿನಾ ಮತ್ತು ವರ್ಜೀನಿಯಾ ಗಡಿಯಲ್ಲಿ ಶುರುವಾಗಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿ ದಶಕಗಳ ಕಾಲ ನಡೆಯಿತು. ಗ್ರಹಾಂ, ಇರ್ವಿನ್ ಅಂಥವರು ಆ ಉದ್ದಕ್ಕೂ ಕುರ್ಚಿಯಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಖಾತೆ ಬದಲಾಗುವ ಕಡೆ ಇಂಥ ಕೆಲಸ ಕಷ್ಟ ಎಂಬುದನ್ನು ಗುಲಾಬಿ ಕಾಯಿಕೊರಕದಿಂದ ಬೇಸತ್ತ ನಮ್ಮ ಹತ್ತಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ವಾದದಲ್ಲಿ ಹುರುಳಿದೆ. ಆದರೆ ಆ ಕಾರ್ಯಕ್ರಮದ ಬೆನ್ನೆಲುಬು ಬೇರೆ ಒಂದು ಮತದಾನವಾಗಿತ್ತು. ಆಯಾ ಸೀಮೆಯ ಹತ್ತಿ ಬೆಳೆಗಾರರು ತಮ್ಮತಮ್ಮಲ್ಲೇ ಜನಮತ ನಡೆಸಿ, ಎಕರೆಗಿಷ್ಟು ಎಂದು ವಂತಿಗೆ ಹಾಕಿಕೊಳ್ಳಲು ಒಪ್ಪಿದರು. ಖರ್ಚಿನ ಬಹುಪಾಲನ್ನು ಅವರೇ ಹೊತ್ತರು. ತಮ್ಮ ಹೊಲ, ತಮ್ಮ ದುಡ್ಡು, ತಮ್ಮ ನಿರ್ಧಾರ. ನಾಲ್ಕು ವರ್ಷಕ್ಕೊಮ್ಮೆ ಇಡೀ ರಾಜ್ಯದ ಉದ್ದನೆಯ ಮತಪತ್ರದ ಕೆಳಗೆಲ್ಲೋ ಇರುವ ಹೆಸರಿಗೆ ಗುರುತು ಹಾಕುವುದಕ್ಕಿಂತ ಈ ಮತಕ್ಕೆ ತೂಕ ಹೆಚ್ಚು. ಆ ಉದ್ದನೆಯ ಮತಪತ್ರದ ಕಥೆಗೂ ಒಂದು ಸಾಕ್ಷಿಯಿದೆ. 2004ರಲ್ಲಿ ನಾರ್ತ್ ಕೆರೊಲಿನಾದ ಕೃಷಿ ಕಮಿಷನರ್ ಚುನಾವಣೆಯ ಅಂತರ 2,287 ಮತ. ಕಾರ್ಟರೆಟ್ ಕೌಂಟಿಯ ಒಂದು ಮತಯಂತ್ರ ಕಳೆದುಹಾಕಿದ ಮತಗಳು 4,438. ತಿಂಗಳುಗಳ ಜಗ್ಗಾಟದ ನಂತರ ಸೋತವರು ತಾವಾಗಿ ಹಿಂದೆ ಸರಿದದ್ದರಿಂದ ಸ್ಟೀವ್ ಟ್ರಾಕ್ಸ್ಲರ್ ಅಧಿಕಾರ ವಹಿಸಿಕೊಂಡರು.

ನೇಮಕಗೊಂಡವರು ಸಾಚಾಗಳೇ, ಅಲ್ಲಿ ಮುಖ್ಯಮಂತ್ರಿಯ ಮರ್ಜಿಗೆ ತಲೆಬಾಗುವವರೇ ಇರುವುದಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ, ಖಂಡಿತ ಇರುತ್ತಾರೆ. ಕರ್ನಾಟಕದ ಅನುಭವವೇ ಸಾಕು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಕೃಷಿ ಇದೆ, 164ನೇ ವಿಧಿಯಂತೆ ಸಚಿವರ ನೇಮಕ ಮುಖ್ಯಮಂತ್ರಿಯ ಸಲಹೆಯ ಮೇರೆಗೆ. 2018ರಿಂದ 2023ರ ವರೆಗಿನ ಒಂದೇ ವಿಧಾನಸಭೆಯ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳು ಬಂದರು, ಕೃಷಿ ಖಾತೆ ಒಂದಕ್ಕಿಂತ ಹೆಚ್ಚು ಸಲ ಕೈ ಬದಲಾಯಿಸಿತು. 2011ರಲ್ಲಿ ದೇಶದಲ್ಲೇ ಮೊದಲು ಎಂದು ಹೇಳಿಕೊಂಡು ಯಡಿಯೂರಪ್ಪನವರು ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದರು. ಆದರೆ ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ, ಸಹಕಾರ, ಎಪಿಎಂಸಿ, ನೀರಾವರಿ ಎಲ್ಲವೂ ಬೇರೆ ಬೇರೆ ಮಂತ್ರಿಗಳ ಕೈಯಲ್ಲೇ ಉಳಿದವು. ಬೆಂಬಲ ಬೆಲೆ ದೆಹಲಿಯದು. ಕೃಷಿ ಸಚಿವರ ಕೈಗೆ ಉಳಿಯುವುದು ಬೀಜ, ಗೊಬ್ಬರ, ಸಬ್ಸಿಡಿ, ಕೃಷಿ ಹೊಂಡ. ಹಾಗಿರುವಾಗ ಅವರನ್ನು ರಾಜ್ಯವಿಡೀ ಮತ ಹಾಕಿ ಆರಿಸಿದರೂ ಅಡಿಕೆ ಬೆಲೆಗೋ ತೊಗರಿ ಖರೀದಿಗೋ ಅವರನ್ನು ಹೊಣೆ ಮಾಡಲು ಬರುವುದಿಲ್ಲ. ಇಲ್ಲಿ ರೈತರು ಅಮೆರಿಕದಂತೆ ನೂರಕ್ಕೊಬ್ಬರಲ್ಲ, 2015–16ರ ಕೃಷಿ ಗಣತಿಯಂತೆ ಸುಮಾರು 87 ಲಕ್ಷ ಹಿಡುವಳಿಗಳಿವೆ, ಆದ್ದರಿಂದ ನಾರ್ತ್ ಡಕೋಟಾದ ಚಮತ್ಕಾರ ಇಲ್ಲಿ ನಡೆದೀತು ಎನ್ನುವವರಿದ್ದಾರೆ. ಆದರೆ ಮಲೆನಾಡಿನ ತೋಟದವರ, ಮಂಡ್ಯದ ಕಬ್ಬಿನವರ, ಕಲಬುರಗಿಯ ತೊಗರಿಯವರ ಹಿತ ಒಂದೇ ಅಲ್ಲ. ಪಹಣಿಯಲ್ಲಿ ಹೆಸರಿಲ್ಲದೆ ಕೋರಿಗೆ ಉಳುವವರು, ಕೂಲಿಗೆ ಹೋಗುವ ಹೆಂಗಸರು ಇವರೆಲ್ಲರ ಹಿತ ಇನ್ನೂ ಬೇರೆ. ಇಷ್ಟೆಲ್ಲವನ್ನು ಒಂದೇ ಹೆಸರಿಗೆ ಇಳಿಸಿದರೆ ಗೆಲ್ಲುವುದು ಜಾತಿ ಲೆಕ್ಕ ಮತ್ತು ಹಣ, ಅಂದರೆ ಈಗಿರುವುದೇ. ಈ ನೆಲದಲ್ಲಿ ರೈತರು ಸರ್ಕಾರವನ್ನು ಅಲುಗಾಡಿಸಿದ್ದು ಬೇರೆ ದಾರಿಯಲ್ಲಿ. 1980ರಲ್ಲಿ ನರಗುಂದ–ನವಲಗುಂದದಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ಬಂಡಾಯ, ಆ ವರ್ಷವೇ ಹುಟ್ಟಿದ ರೈತ ಸಂಘ, 1983ರಲ್ಲಿ ಗುಂಡೂರಾವ್ ಸರ್ಕಾರದ ಸೋಲು, ಇದರಲ್ಲಿ ಕೃಷಿ ಸಚಿವರು ಯಾರಾಗಿದ್ದರು ಎಂಬುದು ಯಾರಿಗೂ ನೆನಪಿಲ್ಲ. ಇನ್ನು ಇಲಾಖೆಯ ಒಳಗಿನ ಒಳ್ಳೆಯ ಕೆಲಸಕ್ಕೆ ಉದಾಹರಣೆ ಬೇಕೆಂದರೆ, 1913ರಲ್ಲಿ ಮೈಸೂರಿನ ಕೃಷಿ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ನೆನೆಯಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರು ಅವರು. ಅವರಿಗೆ ಯಾರೂ ಮತ ಹಾಕಿರಲಿಲ್ಲ. ಸಂಸ್ಥಾನದ ಆಡಳಿತ ಅವರನ್ನು ಅವರ ಪಾಡಿಗೆ ಕೆಲಸ ಮಾಡಲು ಬಿಟ್ಟಿತ್ತು.

ಹಾಗೆಂದು ತಜ್ಞರ ಕೈಗೆ ಎಲ್ಲವನ್ನೂ ಒಪ್ಪಿಸಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಜಾರ್ಜಿಯಾದ ಬ್ಲೇಕ್ಲಿಯ ನೆಲಗಡಲೆ ಕಾರ್ಖಾನೆಯನ್ನು ರಾಜ್ಯದ ತಪಾಸಣಾಧಿಕಾರಿಗಳು ಫೆಡರಲ್ ಸಂಸ್ಥೆಯ ಪರವಾಗಿ ನೋಡಿ ಬಂದಿದ್ದರು, ಸಣ್ಣಪುಟ್ಟ ದೋಷ ಬರೆದುಕೊಂಡು ಹೋಗಿದ್ದರು. 2008–09ರಲ್ಲಿ ಅಲ್ಲಿಂದ ಹೊರಟ ಸಾಲ್ಮೊನೆಲ್ಲಾ 700ಕ್ಕೂ ಹೆಚ್ಚು ಜನರನ್ನು ಕಾಯಿಲೆ ಬೀಳಿಸಿತು, 9 ಸಾವುಗಳು ವರದಿಯಾದವು. ಕಂಪನಿಯ ಮುಖ್ಯಸ್ಥರಿಗೆ 2015ರಲ್ಲಿ 28 ವರ್ಷದ ಶಿಕ್ಷೆಯಾಯಿತು. ರೋಗಾಣು ಪತ್ತೆಯಾದ ಪರೀಕ್ಷಾ ಫಲಿತಾಂಶವನ್ನು ಕಂಪನಿ ಸರ್ಕಾರಕ್ಕೆ ತಿಳಿಸಲೇಬೇಕು ಎಂಬ ಕಾನೂನನ್ನು ಜಾರ್ಜಿಯಾ 2009ರಲ್ಲೇ ತಂದಿತ್ತು. ಫಲಿತಾಂಶ ಹೊರಗೆ ಬರಲೇಬೇಕು ಎಂಬ ಆ ಒಂದು ಕಟ್ಟಳೆ ಯಾವ ಚುನಾವಣೆಗಿಂತಲೂ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ರಸಗೊಬ್ಬರ ನಿಯಂತ್ರಣ ಆದೇಶ 1985ರದ್ದು, ಕೀಟನಾಶಕ ಕಾಯಿದೆ 1968ರದ್ದು, ಬೀಜ ಕಾಯಿದೆ 1966ರದ್ದು. ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ಹಂಚುವುದೂ ಕೃಷಿ ಇಲಾಖೆಯೇ, ಕಳಪೆ ಬೀಜಕ್ಕೆ ನೋಟಿಸ್ ಕೊಡುವ ಜಾರಿ ದಳವೂ ಕೃಷಿ ಇಲಾಖೆಯದೇ. ಮಾರಾಟಗಾರನೂ ತೂಕ ನೋಡುವವನೂ ಒಂದೇ ಮನೆಯವರು. ಕ್ಯಾಲಿಫೋರ್ನಿಯಾ 1991ರಲ್ಲಿ ಬಿಡಿಸಿದ್ದು ಈ ಗಂಟನ್ನೇ. ಜಾರಿ ದಳವನ್ನು ಕೃಷಿ ಇಲಾಖೆಯಿಂದ ಹೊರತೆಗೆದು ಸ್ವತಂತ್ರವಾಗಿ ನಿಲ್ಲಿಸಲು ಸಂವಿಧಾನ ತಿದ್ದಬೇಕಿಲ್ಲ. ಗೊಬ್ಬರ, ಬೀಜ, ಕೀಟನಾಶಕದ ಪ್ರತಿಯೊಂದು ಮಾದರಿಯ ಪ್ರಯೋಗಾಲಯ ಫಲಿತಾಂಶವನ್ನು ತಯಾರಕರ ಹೆಸರಿನೊಂದಿಗೆ ತಾಲ್ಲೂಕುವಾರು ಪ್ರಕಟಿಸಲೂ ಕೇಂದ್ರದ ಅಪ್ಪಣೆಗಾಗಿ ಕಾಯಬೇಕಿಲ್ಲ. ಬೆಳೆವಾರು ಬೆಳೆಗಾರರ ಮತಕ್ಕೆ ನಮ್ಮಲ್ಲಿ ನೆಲೆ ಇಲ್ಲವೆಂದೂ ಅಲ್ಲ. 1966ರ ಕಾಯಿದೆಯಡಿ ಎಪಿಎಂಸಿಗೆ ರೈತರು ಮತ ಹಾಕಿ ಸದಸ್ಯರನ್ನು ಕಳಿಸುತ್ತಲೇ ಬಂದಿದ್ದಾರೆ, ಹಾಲಿನ ಸಂಘಗಳಲ್ಲಿಯೂ ಹಾಗೆಯೇ. ಆ ಮತಕ್ಕೆ ಸಂಗ್ರಹ, ದರ್ಜೆ ನಿಗದಿ, ಕೀಟ ನಿರ್ಮೂಲನದಂಥ ನಿರ್ಧಾರಗಳ ಅಧಿಕಾರ ಕೊಡುವುದಷ್ಟೇ ಬಾಕಿ.

ಮುಂದಿನ ಸಂಪುಟ ವಿಸ್ತರಣೆಯ ದಿನ ಕೃಷಿ ಖಾತೆ ಯಾರಿಗೆ ಸಿಕ್ಕಿತು ಎಂದು ಪತ್ರಿಕೆಗಳು ಹೇಗೂ ಬರೆಯುತ್ತವೆ. ನಿಮ್ಮ ತಾಲ್ಲೂಕಿನಲ್ಲಿ ಕಳೆದ ಮುಂಗಾರಿನಲ್ಲಿ ಎಷ್ಟು ಗೊಬ್ಬರದ ಮಾದರಿ ಪರೀಕ್ಷೆಗೆ ಹೋಯಿತು, ಎಷ್ಟು ಕಳಪೆ ಎಂದು ಬಂತು, ಅದರಲ್ಲಿ ಎಷ್ಟು ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು ಎಂದು ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿ ಕೇಳಿ. ಆ ಮೂರು ಸಂಖ್ಯೆಗಳನ್ನು ಕೇಳದೆಯೇ ಪ್ರಕಟಿಸುವ ಸಚಿವರು ಬಂದ ದಿನ ಅವರು ಯಾವ ಜಿಲ್ಲೆಯವರು ಎಂಬುದನ್ನು ಮರೆಯಬಹುದು.